ಕರೆಂಟಿಲ್ಲದ ಚಳಿಯಲ್ಲಿ ಗಾಜಿನ ಪೆಟ್ಟಿಗೆಯ ಹಾವು

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಸಭೆಯಲ್ಲಿ ಹಾವಿನ ವಿಷಯ ಬಂದಾಗಲೆಲ್ಲ ನಾವು ಮಾತನಾಡುವುದು ಕಾಡಿನ ಹಾವು, ತೋಟದ ಹಾವು, ಹುತ್ತದ ಹಾವಿನ ಬಗ್ಗೆ. ಇಂದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಹಾವಿನ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಮ್ಮ ಊರುಗಳ ಎಷ್ಟೋ ಮಕ್ಕಳು ಇಂದು ಅಮೆರಿಕದ ಡಾಲಸ್, ಆಸ್ಟಿನ್‌ಗಳಲ್ಲಿ ಸಂಸಾರ ಹೂಡಿದ್ದಾರೆ. ಆ ದೇಶದಲ್ಲಿ ನಾಯಿ, ಬೆಕ್ಕುಗಳಂತೆ ಹಾವನ್ನೂ ಸಾಕುವ ಮನೆಗಳು ಲಕ್ಷಗಟ್ಟಲೆ ಇವೆ. ಇತ್ತ ಬೆಂಗಳೂರಿನ ಕೆಲವು ಮನೆಗಳಿಗೂ ಈ ಹವ್ಯಾಸ ಬಂದಿದೆ. ನಾನು ಉರಗತಜ್ಞನಲ್ಲ. ಆದರೆ ರೇಷ್ಮೆಹುಳುವಿನ ಮನೆ, ಮರಿಕೋಳಿಗಳ ಕಾವುಗೂಡು ಇವುಗಳ ಉಷ್ಣಾಂಶದ ಲೆಕ್ಕ ನನ್ನ ವೃತ್ತಿಯ ಭಾಗವೇ ಆಗಿರುವುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಒಂದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಹಾವನ್ನು ಸಾಕುಪ್ರಾಣಿಯಾಗಿಸುವುದು ನನಗೆ ಸಮ್ಮತವಲ್ಲ. ಆದರೆ ಪೆಟ್ಟಿಗೆಯೊಳಗಿರುವ ಹಾವು ಅಲ್ಲಿಗೆ ತಾನಾಗಿ ಹರಿದು ಹೋದದ್ದಲ್ಲ. ಸಾಕುವವರ ಮೇಲಿನ ನಮ್ಮ ಸಿಟ್ಟಿಗೆ ಆ ಜೀವ ಬೆಲೆ ತೆರಬೇಕಾಗಿಲ್ಲ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ನಡೆದುದನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಉತ್ತರ ಧ್ರುವದ ಕಡೆಯಿಂದ ಇಳಿದ ಶೀತಗಾಳಿಗೆ ಡಾಲಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ ಸುಮಾರು 19 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಅನಿಲದ ಕೊಳವೆಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿ ನಿಂತವು. ಆ ರಾಜ್ಯದ ವಿದ್ಯುತ್ ಜಾಲವು ನೆರೆಯ ಜಾಲಗಳಿಂದ ಬಹುಪಾಲು ಬೇರೆಯಾಗಿಯೇ ಇರುವುದರಿಂದ ಹೊರಗಿನಿಂದ ಸಾಕಷ್ಟು ವಿದ್ಯುತ್ ತರಲು ಆಗಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು, ಹಲವೆಡೆ ದಿನಗಟ್ಟಲೆ. ಸರ್ಕಾರದ ಲೆಕ್ಕದಂತೆಯೇ 246 ಮಂದಿ ಸತ್ತರು, ಹೆಚ್ಚಿನವರು ಚಳಿಯಿಂದ. ಕಡಲಲ್ಲಿ ಮರಗಟ್ಟಿ ತೇಲುತ್ತಿದ್ದ ಸಾವಿರಾರು ಕಡಲಾಮೆಗಳನ್ನು ಜನ ಕಾರು, ದೋಣಿಗಳಲ್ಲಿ ಹೊತ್ತು ತಂದು ಸೌತ್ ಪಾಡ್ರೆ ದ್ವೀಪದ ಸಮಾವೇಶ ಭವನದ ನೆಲದ ಮೇಲೆ ಸಾಲಾಗಿ ಮಲಗಿಸಿದ ಚಿತ್ರಗಳು ಲೋಕವೆಲ್ಲ ಹರಿದಾಡಿದವು. ಮನೆಮನೆಗಳ ಗಾಜಿನ ಪೆಟ್ಟಿಗೆಗಳಲ್ಲಿ ತಣ್ಣಗಾದ ಹಾವುಗಳ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಹಾವನ್ನು ಶೀತರಕ್ತದ ಪ್ರಾಣಿ ಎನ್ನುತ್ತೇವೆ. ಈ ಹೆಸರು ದಾರಿ ತಪ್ಪಿಸುವಂಥದ್ದು. ಬಿಸಿಲು ಕಾಯಿಸಿಕೊಂಡ ಹಾವಿನ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರಬಲ್ಲದು. ವ್ಯತ್ಯಾಸ ಇಷ್ಟೇ: ನಾವು ಉಂಡ ಅನ್ನದಿಂದ ಮೈಯೊಳಗೇ ಕಾವು ಹುಟ್ಟಿಸಿಕೊಳ್ಳುತ್ತೇವೆ; ಹಾವು ಹೊರಗಿನ ಕಾವನ್ನು ಹುಡುಕಿಕೊಂಡು ಹೋಗುತ್ತದೆ. ಬಿಸಿಲಿಗೆ ಬರುವುದು, ನೆರಳಿಗೆ ಸರಿಯುವುದು, ಬಿಲದೊಳಗೆ ಇಳಿಯುವುದು, ಹೀಗೆ ಅದರ ಬಹುಪಾಲು ಓಡಾಟವು ಉಷ್ಣಾಂಶದ ಆಯ್ಕೆಯೇ. ರಾಜಸ್ಥಾನದ ಭರತಪುರದಲ್ಲಿ ಚಳಿಗಾಲದ ರಾತ್ರಿ ಮೈ ಕೊರೆಯುವ ಚಳಿಯಿರುತ್ತದೆ. ಅಲ್ಲಿನ ಹೆಬ್ಬಾವುಗಳು ಮುಳ್ಳುಹಂದಿ ತೋಡಿದ ಬಿಲಗಳಲ್ಲಿ ರಾತ್ರಿ ಕಳೆದು, ಹೊತ್ತೇರಿದ ಮೇಲೆ ಬಿಲದ ಬಾಯಿಗೆ ಬಂದು ಬಿಸಿಲು ಕಾಯುವುದನ್ನು ಎಸ್. ಭೂಪತಿಯವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಕೆನಡಾದ ಮ್ಯಾನಿಟೋಬದ ನಾರ್ಸಿಸ್ ಎಂಬಲ್ಲಿ ಸಾವಿರಾರು ಗಾರ್ಟರ್ ಹಾವುಗಳು ಸುಣ್ಣಕಲ್ಲಿನ ಬಿರುಕುಗಳಲ್ಲಿ, ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಒಟ್ಟಿಗೆ ಚಳಿಗಾಲ ಕಳೆಯುತ್ತವೆ. ಆಯ್ಕೆ ಇರುವ ಹಾವು ಹಿಮವನ್ನೂ ಗೆಲ್ಲುತ್ತದೆ.

ಪೆಟ್ಟಿಗೆಯ ಹಾವಿಗೆ ಆಯ್ಕೆ ಎಂಬುದು ಮೂರು ಅಡಿ ಗಾಜು. ಸಾಕುವವರಲ್ಲಿ ಅತ್ಯಂತ ಜನಪ್ರಿಯವಾದ ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯದು. ಅದರ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಅದನ್ನು ಹಾಗೆ ಇಡುವುದು ಅಡಿಯಲ್ಲಿರುವ ಬಿಸಿಹಾಸು ಅಥವಾ ಮೇಲಿನ ದೀಪ. ಎರಡೂ ಒಂದೇ ತಂತಿಯನ್ನು ನಂಬಿಕೊಂಡಿವೆ. ತಂತಿ ಸತ್ತೊಡನೆ ಆಫ್ರಿಕದ ಹುಲ್ಲುಗಾವಲು ಮಾಯವಾಗಿ ಡಾಲಸ್ಸಿನ ಹಿಮ ಉಳಿಯುತ್ತದೆ.

ಆಗ ಮಾಡಬೇಕಾದುದೇನು? ಜನ ಮೊದಲು ಮಾಡುವ ಕೆಲಸವೆಂದರೆ ಹಾವಿಗೆ ಕಂಬಳಿ ಸುತ್ತುವುದು. ಇದರಿಂದ ಪ್ರಯೋಜನ ಬಹಳ ಕಡಿಮೆ. ಕಂಬಳಿ ಕಾವನ್ನು ಹುಟ್ಟಿಸುವುದಿಲ್ಲ, ಇರುವ ಕಾವನ್ನು ಹಿಡಿದಿಡುತ್ತದೆ. ನಮ್ಮ ಮೈಯಲ್ಲಿ ಒಲೆಯಿದೆ, ಆದ್ದರಿಂದ ನಮಗೆ ಕಂಬಳಿ ಬೆಚ್ಚಗೆ. ಹಾವಿನ ಮೈಯಲ್ಲಿ ಹೇಳಿಕೊಳ್ಳುವಂಥ ಒಲೆಯಿಲ್ಲ. ಮೊಟ್ಟೆಗೆ ಸುತ್ತಿಕೊಂಡು ಮೈ ನಡುಗಿಸಿ ಕಾವು ಕೊಡುವ ಬರ್ಮೀಸ್ ಹೆಬ್ಬಾವಿನ ತಾಯಿಯಂಥವು ಅಪವಾದ. ಆದುದರಿಂದ ಕಂಬಳಿ ಹೊದಿಸಬೇಕಾದುದು ಪೆಟ್ಟಿಗೆಗೆ, ಅದೂ ಕರೆಂಟು ಹೋದ ತಕ್ಷಣ, ಒಳಗಿನ ಕಾವು ಸೋರಿಹೋಗುವ ಮುನ್ನ. ಗಾಜು ಕಾವನ್ನು ಬೇಗ ಬಿಟ್ಟುಕೊಡುತ್ತದೆ. ಮರದ ಪೆಟ್ಟಿಗೆ ವಾಸಿ. ಗಾಳಿಯಾಡಲು ಒಂದು ಕಡೆ ಸಂದು ಬಿಡಬೇಕು. ಪೆಟ್ಟಿಗೆ ನೆಲದ ಮೇಲಿದ್ದರೆ ಮೇಜಿನ ಮೇಲೆ ಎತ್ತಿಡಬೇಕು.

ಚಳಿ ಒಂದೆರಡು ಗಂಟೆಯದಲ್ಲವೆಂದು ತಿಳಿದರೆ ಪೆಟ್ಟಿಗೆಯನ್ನೇ ಬಿಟ್ಟುಬಿಡಬೇಕು. ಹಾವನ್ನು ದಿಂಬಿನ ಹತ್ತಿಚೀಲದೊಳಗೆ ಇಳಿಸಿ, ಬಾಯಿ ಕಟ್ಟಿ, ಮೀನು ತುಂಬಿ ತರುವಂಥ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಪೆಟ್ಟಿಗೆಗೆ ಕೆಲವು ತೂತುಗಳಿರಲಿ. ಅದರ ಒಂದು ಮೂಲೆಗೆ ಬಿಸಿನೀರಿನ ಬಾಟಲಿಯನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಇಡಬೇಕು. ಹಾವು ಬೇಕೆಂದರೆ ಹತ್ತಿರ ಬರಲು, ಬೇಡವೆಂದರೆ ದೂರ ಸರಿಯಲು ಚೀಲ ಸಡಿಲವಾಗಿರಬೇಕು.

ಬಚ್ಚಲ ಹಂಡೆಯ ನೀರು ಮಾರನೆಯ ಬೆಳಿಗ್ಗೆಯೂ ಬೆಚ್ಚಗಿರುವುದನ್ನು ಕಂಡ ನಮಗೆ ನೀರಿನ ಈ ಗುಣವನ್ನು ವಿವರಿಸಬೇಕಾಗಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಒಂದು ಲೀಟರ್ ನೀರು 60 ಡಿಗ್ರಿಯಿಂದ 30 ಡಿಗ್ರಿಗೆ ಇಳಿಯುವಾಗ 30 ಕಿಲೋ ಕ್ಯಾಲೊರಿ, ಎಂದರೆ ಸುಮಾರು 35 ವ್ಯಾಟ್-ಗಂಟೆಯಷ್ಟು ಶಾಖ ಬಿಡುತ್ತದೆ. 20 ವ್ಯಾಟಿನ ಬಿಸಿಹಾಸು ಒಂದೂಮುಕ್ಕಾಲು ಗಂಟೆ ಉರಿದಂತೆ ಇದು. ಎರಡು ಲೀಟರ್ ಬಾಟಲಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿದರೆ ಒಂದು ರಾತ್ರಿ ದಾಟುತ್ತದೆ. ಆದರೆ ಬರಿಯ ಬಾಟಲಿ ಹಾವಿಗೆ ತಗಲಕೂಡದು. ಬಿಸಿ ವಸ್ತುವಿನ ಮೇಲೆ ಮಲಗಿದ ಹಾವು ಚರ್ಮ ಬೇಯುತ್ತಿದ್ದರೂ ಅಲ್ಲಿಂದ ಕದಲದಿರುವುದುಂಟು. ಸಾಕಿದ ಹಾವುಗಳ ಹೊಟ್ಟೆಯ ಮೇಲಿನ ಸುಟ್ಟ ಗಾಯ ಪಶುವೈದ್ಯರಿಗೆ ಹೊಸದಲ್ಲ. ಹಿಮಪ್ರದೇಶಗಳಲ್ಲಿ ಕೈ ಬೆಚ್ಚಗಿಡಲು ಮಾರುವ ಪುಟ್ಟ ಪೊಟ್ಟಣಗಳ ಬಗ್ಗೆಯೂ ಎಚ್ಚರ ಬೇಕು. ಅವುಗಳೊಳಗೆ ಕಬ್ಬಿಣದ ಪುಡಿ ತುಕ್ಕು ಹಿಡಿಯುತ್ತ ಕಾವು ಕೊಡುತ್ತದೆ, ತುಕ್ಕಿಗೆ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಲ್ಲಿ ಹಾವೂ ಪೊಟ್ಟಣವೂ ಒಂದೇ ಗಾಳಿಗೆ ಪೈಪೋಟಿ ನಡೆಸುತ್ತವೆ.

ಇನ್ನೊಂದು ಒಲೆ ನಾವೇ. ಸುಮ್ಮನೆ ಕುಳಿತ ಮನುಷ್ಯ ಸುಮಾರು 100 ವ್ಯಾಟಿನಷ್ಟು ಶಾಖ ಹೊರಸೂಸುತ್ತಾನೆ. ಮನೆಯ ನಡುವಿನ ಸಣ್ಣ ಕೋಣೆಯೊಂದರಲ್ಲಿ ನಾಲ್ವರು ಕುಳಿತು, ಬಾಗಿಲ ಸಂದುಗಳಿಗೆ ಬಟ್ಟೆ ತುರುಕಿದರೆ 400 ವ್ಯಾಟಿನ ಹೀಟರ್ ಇಟ್ಟಂತೆ. ಚೀಲದಲ್ಲಿಟ್ಟ ಸಣ್ಣ ಹಾವನ್ನು ಕೋಟಿನೊಳಗೆ ಇಟ್ಟುಕೊಂಡು ರಾತ್ರಿ ಕಳೆಯುವುದೂ ಆಗುವಂಥದ್ದೇ. ಸರೀಸೃಪಗಳಿಂದ ಸಾಲ್ಮೊನೆಲ್ಲ ಹರಡುವುದರಿಂದ ಆಮೇಲೆ ಕೈ ತೊಳೆಯಬೇಕು, ಎಳೆಯ ಮಕ್ಕಳನ್ನು ದೂರವಿಡಬೇಕು.

ಕರೆಂಟು ಹೋಗುವುದೇ ರೂಢಿಯಾಗಿರುವ ನಮ್ಮ ಮನೆಗಳಲ್ಲಿ ಇನ್ವರ್ಟರ್ ಇದೆ. ಕರೆಂಟು ಹೋಗುವುದೇ ಇಲ್ಲವೆಂದು ನಂಬಿದವರ ಮನೆಯಲ್ಲಿ ಅದು ಅಪರೂಪ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಗಂಟೆ ಇದೆ. ಅದರಲ್ಲಿ ಅರ್ಧವನ್ನಷ್ಟೇ ನಂಬಿ, ಇನ್ವರ್ಟರ್ ತಾನೇ ತಿನ್ನುವುದನ್ನೂ ಕಳೆದರೂ 20 ವ್ಯಾಟಿನ ಹಾಸು ಒಂದು ಹಗಲು ಒಂದು ರಾತ್ರಿ ನಡೆದೀತು. 100 ವ್ಯಾಟಿನ ದೀಪಗಳಿಗೆ ಅದನ್ನು ವ್ಯಯಿಸಬಾರದು.

ಇದ್ದಿಲ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಕರೆಂಟು ಹೋದಾಗ ಮರಿಕೋಳಿಗಳಿಗೆ ಇದ್ದಿಲ ಒಲೆ ಇಡುವ ಪದ್ಧತಿ ನಮ್ಮಲ್ಲಿದೆ. ಗಾಳಿಯಾಡುವ ಕೊಟ್ಟಿಗೆಯಲ್ಲಿ ಅದು ನಡೆಯುತ್ತದೆ, ಮುಚ್ಚಿದ ಮನೆಯಲ್ಲಿ ಕೊಲ್ಲುತ್ತದೆ. ಟೆಕ್ಸಾಸ್‌ನ ಆ ವಾರದಲ್ಲಿ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯೊಂದರಲ್ಲೇ ನೂರಾರು ಮಂದಿ ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ತುತ್ತಾದರು. ಮನೆಯೊಳಗೆ ಇದ್ದಿಲು, ಬಾಗಿಲ ಬಳಿ ಜನರೇಟರ್, ಮುಚ್ಚಿದ ಗ್ಯಾರೇಜಿನಲ್ಲಿ ಚಾಲೂ ಇಟ್ಟ ಕಾರು, ಇವೇ ಅಲ್ಲಿನ ಕಾರಣಗಳು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾವಿಗಾಗಲಿ ಮಗುವಿಗಾಗಲಿ, ಬೆಚ್ಚಗಿಡಲು ಈ ದಾರಿ ಹಿಡಿಯಬಾರದು.

ಆಹಾರದ ವಿಷಯದಲ್ಲಿ ನಮ್ಮ ಕರುಳು ತಪ್ಪು ಸಲಹೆ ಕೊಡುತ್ತದೆ. ಚಳಿಗೆ ಹೊಟ್ಟೆ ತುಂಬಿಸಿದರೆ ಮೈ ಬೆಚ್ಚಗಾದೀತು ಎಂಬುದು ನಮ್ಮ ಲೆಕ್ಕ. ಹಾವಿನ ಜೀರ್ಣಶಕ್ತಿ ಕಾವನ್ನು ಅವಲಂಬಿಸಿದೆ. ತಣ್ಣಗಾದ ಹೊಟ್ಟೆಯಲ್ಲಿ ನುಂಗಿದ ಇಲಿ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ ಅಥವಾ ಅದರಿಂದಲೇ ಸಾಯುತ್ತದೆ. ಬಿರುಗಾಳಿಯ ಮುನ್ಸೂಚನೆ ಬಂದ ದಿನದಿಂದಲೇ ತಿನಿಸು ನಿಲ್ಲಿಸಬೇಕು. ಆರೋಗ್ಯವಾಗಿರುವ ಬಾಲ್ ಪೈಥಾನಿಗೆ ಕೆಲವು ವಾರಗಳ ಉಪವಾಸ ಲೆಕ್ಕಕ್ಕಿಲ್ಲ. ಮನೆಯಲ್ಲಿ ಹಲವು ಹಾವುಗಳಿದ್ದು ಕಾವು ಸಾಲದಾದರೆ, ಇತ್ತೀಚೆಗೆ ಉಂಡದ್ದಕ್ಕೆ ಮೊದಲ ಪಾಲು ಸಲ್ಲಬೇಕು. ಅಮೆರಿಕದ್ದೇ ಆದ ಕಾರ್ನ್ ಸ್ನೇಕ್ ಚಳಿಯನ್ನು ಚೆನ್ನಾಗಿ ತಾಳುತ್ತದೆ, ಅದು ಕೊನೆಗೆ ನಿಲ್ಲಲಿ.

ಕರೆಂಟು ಬಂದಾಗ ಹಾವನ್ನು ದೀಪದ ಕೆಳಗೆ ತಂದು ಕಾಯಿಸಬಾರದು. ಗಂಟೆಗಳ ಅವಧಿಯಲ್ಲಿ ನಿಧಾನವಾಗಿ ಕಾವು ಏರಬೇಕು. ಅಲುಗದ ಹಾವನ್ನು ಸತ್ತಿತೆಂದು ಎಸೆಯಲೂಬಾರದು. ಪೂರ್ತಿ ಬೆಚ್ಚಗಾಗುವವರೆಗೆ ಕಾಯಬೇಕು. ಮುಂದಿನ ಒಂದೆರಡು ವಾರ ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸದ್ದು, ಬಾಯಲ್ಲಿ ನೊರೆ ಕಂಡರೆ ಅದು ಶ್ವಾಸಕೋಶದ ಸೋಂಕು. ಪಶುವೈದ್ಯರ ಬಳಿಗೆ ಒಯ್ಯಬೇಕು.

ಇನ್ನು ನಮ್ಮ ನೆಲದ ಮಾತು. ನಮ್ಮ ದೇಶದ ಹಾವನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವಕಾಶ ಕೊಡುವುದಿಲ್ಲ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿದ್ದು ನೆನಪಿರಬಹುದು. ಹೀಗೆ ಬಂದುದೆಲ್ಲ ಸಿಕ್ಕಿಬೀಳುತ್ತದೆಂದು ನಾನು ನಂಬುವುದಿಲ್ಲ.

ನನ್ನ ಭಯವಿರುವುದು ಇಲ್ಲಿ. ಬೇಸರ ಬಂದಾಗಲೋ, ಕಾಯಿದೆಗೆ ಅಂಜಿಯೋ, ಕಾವು ಕೊಡಲಾರದೆಯೋ ಸಾಕಿದವನು ಹಾವನ್ನು ಬಿಡುವುದು ಎಲ್ಲಿ? ಡಾಲಸ್ಸಿನಲ್ಲಿ ಬಿಟ್ಟರೆ ಹಿಮ ಕೊಲ್ಲುತ್ತದೆ. ಮಲೆನಾಡಿನಲ್ಲಿ ಬಿಟ್ಟರೆ ಅಂಥ ಹಿಮವಿಲ್ಲ. ಹಿಮವೇ ಇವನ್ನು ತಡೆದೀತು ಎಂಬ ನಂಬಿಕೆಯೂ ಗಟ್ಟಿಯಲ್ಲ. ಸಾಕಣೆಯ ವ್ಯಾಪಾರದಿಂದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಸೇರಿದ ಬರ್ಮೀಸ್ ಹೆಬ್ಬಾವುಗಳಲ್ಲಿ ರೇಡಿಯೊ ಅಳವಡಿಸಿದ್ದ 10ರಲ್ಲಿ 9, 2010ರ ಜನವರಿಯ ಚಳಿಗೆ ಸತ್ತವು. ಆದರೂ ಅವುಗಳ ಸಂತತಿ ಅಲ್ಲಿ ಅಳಿಯಲಿಲ್ಲ. ಅವುಗಳೊಂದಿಗೆ ಏಷ್ಯಾದಿಂದ ಹೋದ ಶ್ವಾಸಕೋಶದ ಪರೋಪಜೀವಿಯೊಂದು ಅಲ್ಲಿನ ಸ್ಥಳೀಯ ಹಾವುಗಳಿಗೂ ಹಬ್ಬಿತು. ಬೆಂಗಳೂರಿನ ಬಂಧುಗಳ ಮನೆಯಲ್ಲಿ ಇಂಥ ಹಾವಿದ್ದು, ಸಾಕಲಾರೆವೆಂದು ಅವರು ಹೇಳಿದರೆ, 'ನಮ್ಮ ತೋಟಕ್ಕೆ ತಂದು ಬಿಡಿ, ಬದುಕಿಕೊಳ್ಳಲಿ' ಎಂದು ದಯವಿಟ್ಟು ಹೇಳಬೇಡಿ. ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ.

ಕೊನೆಗೆ, ಸಭೆಗೆ ಮುನ್ನ ಒಬ್ಬರು ಕೇಳಿದ ಪ್ರಶ್ನೆ: ಪುಷ್ಯ ಮಾಸದ ಬೆಳಿಗ್ಗೆ ಸೌದೆ ರಾಶಿಯಲ್ಲಿ ಅಲುಗದೆ ಬಿದ್ದಿರುವ ನಾಗರಹಾವಿಗೂ ಬಿಸಿನೀರಿನ ಬಾಟಲಿ ಇಡಬೇಕೇ? ಬೇಡ. ಅದು ಎಲ್ಲಿರಬೇಕೆಂದು ಅದಕ್ಕೇ ತಿಳಿದಿದೆ. ಚಳಿಗೆ ಜಡವಾಗಿದೆಯೆಂದು ಮುಟ್ಟಲು ಹೋಗಬೇಡಿ, ಜಡವಾದ ಹಾವೂ ಕಚ್ಚುತ್ತದೆ. ಹತ್ತು ಗಂಟೆಯ ಬಿಸಿಲು ಅಂಗಳಕ್ಕೆ ಬರುವವರೆಗೆ ಆ ಕಡೆಯ ಸೌದೆ ಎಳೆಯದಿದ್ದರೆ ಸಾಕು.