ಸ್ಪರ್ಧೆಗೆ ಕಳಿಸುವ ಮುನ್ನ

ಗಾಂಧಿಬಜಾರಿನ ಹೋಟೆಲುಗಳಲ್ಲಿ ಬೆಳಿಗ್ಗೆ ಕೂತರೆ ಪಕ್ಕದ ಮೇಜಿನಲ್ಲಿ ಯಾರಾದರೂ ಸಿನಿಮಾ ಕಥೆ ಹೇಳುತ್ತಿರುತ್ತಾರೆ. ದೋಸೆ ಆರಿ ಹೋಗಿರುತ್ತದೆ, ನಾಯಕ ಇನ್ನೂ ಇಂಟರ್‌ವಲ್‌ಗೆ ಬಂದಿರುವುದಿಲ್ಲ. ಇಂಥವರಿಗೆ ಚಿತ್ರಕಥಾ ಸ್ಪರ್ಧೆಗಳು ಮಾಡುವ ಮೊದಲ ಉಪಕಾರವೆಂದರೆ ಕೊನೆಯ ದಿನಾಂಕ. ಗಡುವಿಲ್ಲದೆ ಏನನ್ನೂ ಮುಗಿಸದ ಜಾತಿ ನಮ್ಮದು!

ಆದರೆ ಕಥೆ ಹೇಳುವುದೇ ಬೇರೆ, ಚಿತ್ರಕಥೆ ಬರೆಯುವುದೇ ಬೇರೆ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. 1969ರ ಸಾಲಿನ ಅತ್ಯುತ್ತಮ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಪುಟ್ಟಣ್ಣನವರಿಗೆ ಬಂತು. ಕಥೆ ಮೊದಲೇ ಇತ್ತು. ಮನ್ನಣೆ ಸಿಕ್ಕಿದ್ದು ಅದನ್ನು ದೃಶ್ಯಗಳಲ್ಲಿ ಕಟ್ಟಿದ ಕೈಗೆ. ‘ಅವಳಿಗೆ ಅವಮಾನವಾಯಿತು’ ಎಂದು ಕಾದಂಬರಿಯಲ್ಲಿ ಬರೆದರೆ ನಡೆಯುತ್ತದೆ. ಚಿತ್ರಕಥೆಯಲ್ಲಿ ಆಕೆ ಮದುವೆಮನೆಯ ಪಂಕ್ತಿಯಿಂದ ಅರ್ಧ ಊಟಕ್ಕೇ ಎದ್ದು, ಎಂಜಲು ಕೈಯಲ್ಲೇ ಹೊರಗೆ ಹೋಗಬೇಕು. ಪುಟಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಎಂಬ ಲೆಕ್ಕದಲ್ಲಿ ಓದುವ ತೀರ್ಪುಗಾರರು ಹುಡುಕುವುದು ಇಂಥದ್ದನ್ನೇ. ಭಾಷಣದಂಥ ಸಂಭಾಷಣೆ ಅವರನ್ನು ಬೇಗ ದಣಿಸುತ್ತದೆ.

ಗೆಲ್ಲುವವರು ಕೆಲವರೇ. ಸೋತರೂ ಕೈಯಲ್ಲಿ ಪೂರ್ತಿಯಾದ ಒಂದು ಚಿತ್ರಕಥೆ ಉಳಿಯುತ್ತದೆ, ಅದನ್ನು ತಿದ್ದಬಹುದು, ನಿರ್ದೇಶಕರ ಮುಂದೆ ಇಡಬಹುದು.

ಆದರೆ ಹಕ್ಕಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಬರೀ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೂಪಕ್ಕೆ ಉಂಟು ಎಂದು ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಹಾಗಾಗಿ ಪೂರ್ತಿ ಬರೆಯಿರಿ, ನೋಂದಾಯಿಸಿ, ಆಮೇಲೆ ಕಳಿಸಿ. ನಿಯಮಾವಳಿಯ ಸಣ್ಣಕ್ಷರವನ್ನೂ ಓದಿ. ಬಂದ ಪ್ರತಿಗಳೆಲ್ಲ ಸಂಘಟಕರ ಸ್ವತ್ತು ಎಂಬ ಸಾಲು ಅಲ್ಲಿದ್ದರೆ, ಬಹುಮಾನ ಎಷ್ಟೇ ದೊಡ್ಡದಿರಲಿ, ಕಳಿಸಬೇಡಿ.