ಆಶ್ವಯುಜದ ಹುಣ್ಣಿಮೆಯ ಹೆಸರುಗಳು



ಈ ಹುಣ್ಣಿಮೆಯ ಕಾಲಕ್ಕೆ ಚಂದ್ರನು ಅಶ್ವಿನೀ ನಕ್ಷತ್ರದ ಸಮೀಪಕ್ಕೆ ಬರುವುದರಿಂದ ಮಾಸಕ್ಕೆ ಆಶ್ವಯುಜವೆಂಬ ಹೆಸರಾಯಿತು. ಇದು ಪಂಚಾಂಗದ ಮಾತು. ಪಟ್ಟಣವಾಸಿಗಳಾದ ನಮಗೆ ಹೆಚ್ಚು ಪರಿಚಿತವಾದುದು ಕೋಜಾಗರಿ ಎಂಬ ಹೆಸರು. ಆ ರಾತ್ರಿ ಲಕ್ಷ್ಮಿಯು ಲೋಕಸಂಚಾರ ಮಾಡುತ್ತ, ಯಾರು ಎಚ್ಚತ್ತಿರುವರೆಂದು ಕೇಳುವಳಂತೆ, ಎಚ್ಚತ್ತವರಿಗೆ ಸಂಪತ್ತನ್ನೀಯುವಳಂತೆ. ವಂಗದೇಶದಲ್ಲಿ ಅಂದು ಅಕ್ಕಿಹಿಟ್ಟಿನಿಂದ ದೇವಿಯ ಹೆಜ್ಜೆಗಳನ್ನು ಬರೆಯುವರು. ಮಹಾರಾಷ್ಟ್ರದಲ್ಲಿ ಬೆಳದಿಂಗಳಲ್ಲಿಟ್ಟ ಕೇಸರಿಹಾಲನ್ನು ಕುಡಿಯುವರು. ಜಾಗರಣೆಗಾಗಿ ಪಗಡೆಯಾಡುವುದೂ ಉಂಟು. ಸಂಪತ್ತನ್ನು ಬೇಡುವ ರಾತ್ರಿಯಲ್ಲಿಯೇ ದಾಳಗಳನ್ನು ಕೈಗೆತ್ತಿಕೊಳ್ಳುವುದು ತುಸು ಸಾಹಸವೇ ಸರಿ.

ನಮ್ಮ ಹೊಲಗದ್ದೆಗಳಲ್ಲಿ ಇದೇ ಹುಣ್ಣಿಮೆಗೆ ಬೇರೆ ಹೆಸರುಗಳಿವೆ. ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಇದು ಸೀಗಿ ಹುಣ್ಣಿಮೆ. ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಯನ್ನು ಪೂಜಿಸಿ, ಚರಗ ಚೆಲ್ಲಿ, ಅಲ್ಲಿಯೇ ಉಂಡು ಬರುವರು. ಮಲೆನಾಡಿನಲ್ಲಿಯಾದರೋ ಇದು ಭೂಮಿ ಹುಣ್ಣಿಮೆ.

ಭತ್ತದ ಪೈರು ಆಗ ಹೊಡೆಯಾಗಿರುತ್ತದೆ. ತೆನೆಯು ಇನ್ನೂ ಎಲೆಯ ಸುರುಳಿಯೊಳಗೆ ಅಡಗಿರುತ್ತದೆ. ಆದಕಾರಣ ಭೂಮಿಯು ಬಸುರಿ. ಬಸುರಿಗೆ ಬಯಕೆಯೂಟ ಬಡಿಸಬೇಕಷ್ಟೆ. ಬಿದಿರಿನ ಬುಟ್ಟಿಗೆ ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ ದೀವರ ಹೆಂಗಸರು ಅದರ ಮೇಲೆ ಚಿತ್ತಾರ ಬರೆಯುವರು. ಇದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ರಾತ್ರಿಯೆಲ್ಲ ಅಡುಗೆಯ ಸಂಭ್ರಮ; ಕಡುಬು, ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿದ ಹಚ್ಚಂಬಲಿ. ಬೆಳಕು ಹರಿಯುವ ಮುನ್ನ ಮನೆಯ ಯಜಮಾನನು ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ ಹಚ್ಚಂಬಲಿಯನ್ನು ಬೀರಿ ಬರುವನು. ಕೆಲವೆಡೆ ಕಡುಬೊಂದನ್ನು ಗದ್ದೆಯಲ್ಲಿ ಹುಗಿಯುವುದೂ ಉಂಟು. ಗೃಹಿಣಿಯು ತನ್ನ ಕೊರಳ ತಾಳಿಯನ್ನು ತೆಗೆದು ಪೈರಿಗೆ ತೊಡಿಸಿ ಪೂಜಿಸುವುದನ್ನು ಕೇಳಿದಾಗ, ಹೊಲವೂ ಒಬ್ಬ ಹೆಣ್ಣುಮಗಳೆಂಬ ಮಾತು ಬರಿಯ ಅಲಂಕಾರವಲ್ಲವೆಂದು ನಮಗೆ ತೋರುತ್ತದೆ. ಲಕ್ಷ್ಮಿಯು ನಿಜವಾಗಿ ಅಂದು ಲೋಕವನ್ನು ಸುತ್ತುವಳಾದರೆ, ಒಲೆಯ ಮುಂದೆ ನಿದ್ದೆಗೆಟ್ಟ ಈ ಹೆಂಗಸರೇ ಅವಳಿಗೆ ಮೊದಲು ಓಗೊಡುವವರು.

ಆದರೆ ಮಲೆನಾಡಿನ ಗದ್ದೆಗಳು ಈಚಿನ ದಶಕಗಳಲ್ಲಿ ಅಡಕೆಯ ತೋಟಗಳಾಗುತ್ತ ಬಂದಿವೆ. ಭತ್ತದಿಂದ ಹೊಟ್ಟೆ ತುಂಬಿದರೂ ಸಾಲ ತೀರದು. ಒಕ್ಕಲಿಗನನ್ನು ಆಕ್ಷೇಪಿಸಲು ನಮಗೆ ಬಾಯಿಯಿಲ್ಲ. ಚಿತ್ತಾರದ ಬುಟ್ಟಿಯನ್ನು ಪಟ್ಟಣದ ನಾವು ಗೋಡೆಯ ಮಗ್ಗುಲಲ್ಲಿ ಅಂದಕ್ಕಾಗಿ ಇಡುತ್ತಿದ್ದೇವೆ. ಪೂಜೆಯೇನೋ ನಿಂತಿಲ್ಲ, ಬುಟ್ಟಿಯನ್ನು ತೋಟಕ್ಕೂ ಹೊತ್ತುಕೊಂಡು ಹೋಗುವರು. ಅಲ್ಲಿ ಮಾತ್ರ ಅದೇ ದಿನಗಳಲ್ಲಿ ಕೊನೆ ಕೊಯ್ಯುವ ಕೆಲಸಕ್ಕೆ ಮೊದಲಾಗಿರುತ್ತದೆ. ಬಯಕೆಯೂಟವು ಹೋಗಿ ಮುಟ್ಟುವುದು ಬಸುರಿಗಲ್ಲ, ಬಾಣಂತಿಗೆ.