ಗುರುತಿನ ಸಂಖ್ಯೆ ಬದಲಾಗಬೇಕಾದ ಕ್ಷಣ



ಯಲಹಂಕದ ಮನೆಯಲ್ಲಿ ಕುಳಿತು ವಿದ್ಯುತ್ ಬಿಲ್ಲು ಕಟ್ಟುವವರೂ, ಆರ್.ಟಿ. ನಗರದ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವವರೂ, ಪಾಸ್‌ವರ್ಡನ್ನು ಯಾರಿಗೂ ಹೇಳದಿದ್ದರೆ ತಮ್ಮ ಖಾತೆ ಸುರಕ್ಷಿತವೆಂದೇ ನಂಬಿರುತ್ತಾರೆ. ಆದರೆ ಪಾಸ್‌ವರ್ಡಿನ ಒಂದಕ್ಷರವನ್ನೂ ಕದಿಯದೆ ಖಾತೆಯೊಳಗೆ ಪ್ರವೇಶಿಸುವ ಕುತಂತ್ರವೊಂದುಂಟು. ಸ್ಲೊವೇನಿಯ ದೇಶದ ಭದ್ರತಾತಜ್ಞ ಮಿತ್ಯ ಕೋಲ್ಶೆಕ್ ಅವರು 2002ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಸೆಷನ್ ಫಿಕ್ಸೇಷನ್ ಎಂಬ ಹೆಸರಿನಿಂದ ವಿಶದವಾಗಿ ನಿರೂಪಿಸಿದರು.

ಜಾಲತಾಣಗಳ ವ್ಯವಹಾರಕ್ಕೆ ಸ್ವಭಾವತಃ ಸ್ಮರಣಶಕ್ತಿಯಿಲ್ಲ. ಈಗ ಪುಟ ಕೇಳಿದವರೇ ಮರುಕ್ಷಣವೂ ಕೇಳುತ್ತಿರುವರೆಂಬುದನ್ನು ಸರ್ವರ್ ತಾನಾಗಿ ಅರಿಯದು. ಈ ನ್ಯೂನತೆಯನ್ನು ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿಯವರು ಬ್ರೌಸರಿನಲ್ಲಿ ಉಳಿಯುವ ಕಿರು ಟಿಪ್ಪಣಿಯಾದ ಕುಕಿಯನ್ನು ರೂಪಿಸಿದರು. ಅದರಲ್ಲಿ ಬಳಸುವವರ ಗುರುತಾದ ಸೆಷನ್ ಸಂಖ್ಯೆಯನ್ನು ಬರೆದು ಬ್ರೌಸರಿಗೆ ಕೊಡುವ ಪದ್ಧತಿ ರೂಢವಾಯಿತು.

ಈ ಸಂಖ್ಯೆಯಂತೆಯೇ, ಹಿಂದಿನ ಬ್ಯಾಂಕುಗಳಲ್ಲಿ ಚೆಕ್ಕು ಕೊಟ್ಟವರಿಗೆ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ವಂಚಕನೊಬ್ಬನು ಒಂದೇ ಸಂಖ್ಯೆಯ ಎರಡು ಬಿಲ್ಲೆಗಳನ್ನು ಸಂಪಾದಿಸಿ, ಬಾಗಿಲಲ್ಲೇ ಒಂದನ್ನು ನಿಮ್ಮ ಕೈಗಿತ್ತನೆನ್ನಿ. ಗುಮಾಸ್ತರು ನಿಮ್ಮ ರುಜುವನ್ನು ತಾಳೆನೋಡಿ ಆ ಸಂಖ್ಯೆಗೇ ಹಣ ಮಂಜೂರು ಮಾಡಿದರೆ, ಇನ್ನೊಂದು ಬಿಲ್ಲೆ ಹಿಡಿದವನೂ ಹಣಕ್ಕೆ ಹಕ್ಕುದಾರನಾಗುತ್ತಾನೆ. ಇಲ್ಲಿ ನಡೆಯುವುದೂ ಅದೇ. ವಂಚಕನು ತಾಣವನ್ನು ತೆರೆದು, ಲಾಗಿನ್ ಆಗದೆಯೇ ಸೆಷನ್ ಸಂಖ್ಯೆಯೊಂದನ್ನು ಪಡೆದು, ಅದನ್ನು ಲಿಂಕಿನ ಕೊನೆಯಲ್ಲಿ ಸೇರಿಸಿ ನಿಮಗೆ ಕಳುಹಿಸುತ್ತಾನೆ. ಇಲ್ಲವೆ ಹಲವರು ಬಳಸುವ ಕಂಪ್ಯೂಟರಿನಲ್ಲಿ ಲಾಗಿನ್ ಪುಟವನ್ನು ತೆರೆದಿಟ್ಟು, ಸಂಖ್ಯೆಯನ್ನು ಬರೆದುಕೊಂಡು ಹೊರಟುಹೋಗುತ್ತಾನೆ. ಆಮೇಲೆ ನೀವು ಪಾಸ್‌ವರ್ಡನ್ನೂ ಒಟಿಪಿಯನ್ನೂ ಸರಿಯಾಗಿಯೇ ನಮೂದಿಸಿದರೂ, ಸರ್ವರ್ ಆ ಹಳೆಯ ಸಂಖ್ಯೆಗೇ ನಿಮ್ಮ ಖಾತೆಯನ್ನು ಒಪ್ಪಿಸುವುದರಿಂದ, ಅದನ್ನು ಬಲ್ಲವನು ನಿಮ್ಮ ಹೆಸರಿನಲ್ಲಿ ಒಳಹೊಗುತ್ತಾನೆ.

ಪರಿಹಾರವು ಕಷ್ಟಸಾಧ್ಯವಲ್ಲ. ಲಾಗಿನ್ ಸಫಲವಾದ ಕ್ಷಣದಲ್ಲೇ ಹಳೆಯ ಸಂಖ್ಯೆಯನ್ನು ರದ್ದುಗೊಳಿಸಿ ಹೊಸದನ್ನು ಕೊಡತಕ್ಕದ್ದು. ತಾನು ಕೊಡದ ಸಂಖ್ಯೆಯನ್ನೂ, ಲಿಂಕಿನಲ್ಲಿ ಬಂದ ಸಂಖ್ಯೆಯನ್ನೂ ಸರ್ವರ್ ಅಂಗೀಕರಿಸಕೂಡದು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಖ್ಯೆ ಬದಲಿಸಲೆಂದೇ ಸಿದ್ಧ ಫಂಕ್ಷನ್ ಇದೆ. ಬರೆಯಬೇಕಾದುದು ಒಂದೇ ಸಾಲು. ಪರೀಕ್ಷೆಯೂ ಸುಲಭ: ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ಲಾಗಿನ್ನಿಗೆ ಮುಂಚೆ ಸೆಷನ್ ಕುಕಿಯಲ್ಲಿದ್ದ ಅಕ್ಷರಮಾಲೆಯೂ ಅನಂತರದ್ದೂ ಒಂದೇ ಆಗಿದ್ದರೆ, ದೋಷವು ಅಲ್ಲಿಯೇ ಇದೆಯೆಂದು ತಿಳಿಯಬೇಕು.

ಶ್ರೋತೃಗಳು ಮೆಸೇಜಿನಲ್ಲಿ ಬಂದ ಲಿಂಕಿನಿಂದ ಲಾಗಿನ್ ಆಗದೆ, ವಿಳಾಸವನ್ನು ತಾವೇ ಟೈಪು ಮಾಡುವುದು ಲೇಸು. ಸಾರ್ವಜನಿಕ ಕಂಪ್ಯೂಟರಿನಲ್ಲಿ ಮೊದಲೇ ತೆರೆದಿರುವ ಪುಟವನ್ನು ಮುಚ್ಚಿ, ಹೊಸ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೆಲಸ ಮುಗಿಸಿ, ತಪ್ಪದೆ ಲಾಗೌಟ್ ಆಗಿರಿ. ಆದರೆ ಕಣ್ಣಿಗೆ ಕಾಣದ ಸಂಖ್ಯೆಯನ್ನು ಕಾಯುವ ಹೊಣೆ ಬಳಸುವವರದಲ್ಲ, ತಾಣವನ್ನು ಕಟ್ಟುವವರದು. ಹೆಬ್ಬಾಳದ ಸುತ್ತಮುತ್ತಲ ಕಚೇರಿಗಳಲ್ಲಿ ಲಾಗಿನ್ ಪುಟಗಳನ್ನು ರಚಿಸುತ್ತಿರುವ ತರುಣ ತರುಣಿಯರು ಸಂಖ್ಯೆ ಬದಲಿಸುವ ಆ ಒಂದು ಸಾಲನ್ನು ಎಂದಿಗೂ ಮರೆಯಬಾರದೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.